ಮೂಸಿಯ ಎರಡನೆಯ ನೀರು

ಕರ್ನಾಟಕ ಸಾಹಿತ್ಯ ಮಂದಿರವೂ ನೃಪತುಂಗನ ಹೆಸರು ಹೊತ್ತ ಶಾಲೆಯೂ ಇರುವ ಕಾಚಿಗೂಡವು ಹೈದರಾಬಾದಿನ ಕನ್ನಡಿಗರಿಗೆ ತವರಿನ ಪಡಸಾಲೆಯಿದ್ದಂತೆ. ಅಲ್ಲಿಂದ ಮೂಡಣಕ್ಕೆ ಒಂದೆರಡು ಮೈಲಿ ನಡೆದು, ಅಂಬರಪೇಟೆಯನ್ನು ಹಾದು, ಮೂಸಿ ನದಿಯ ದಡದಲ್ಲಿ ನಿಂತವನಿಗೆ ಮೂಗು ಹೇಳುವುದೇ ಒಂದು, ಕಣ್ಣು ಹೇಳುವುದೇ ಇನ್ನೊಂದು. ನೊರೆಗಟ್ಟಿದ ಕಪ್ಪು ನೀರು ಮಹಾನಗರವೊಂದರ ಸಮಸ್ತ ಮಲಿನವನ್ನೂ ಹೊತ್ತು ಸಾಗುತ್ತಿರಲಾಗಿ, ಅದರ ಅಂಚಿನಲ್ಲಿಯೇ ಮಲೆನಾಡಿನ ಶ್ರಾವಣವನ್ನು ನೆನಪಿಗೆ ತರುವಂಥ ಹಚ್ಚಹಸಿರು ಹುಲ್ಲು ಎದೆಯೆತ್ತರಕ್ಕೆ ಬೆಳೆದು ನಿಂತಿರುತ್ತದೆ. ಇದು ಪ್ಯಾರಾ ಹುಲ್ಲು. ಇದನ್ನು ಕೊಯ್ದು, ಹೊರೆ ಕಟ್ಟಿ, ನಗರದ ಎಮ್ಮೆ ಕೊಟ್ಟಿಗೆಗಳಿಗೆ ಮಾರುತ್ತಾರೆ. ಎಮ್ಮೆಯ ಹಾಲು ಮನೆಗಳಿಗೂ ಚಹದಂಗಡಿಗಳಿಗೂ ಹೋಗುತ್ತದೆ. ಆ ಮನೆಗಳ ಬಚ್ಚಲ ನೀರು ತಿರುಗಿ ಮೂಸಿಗೇ ಬರುತ್ತದೆ.

ಇಂಥ ಸುತ್ತುಗಳಿಗೆ ಇಂದಿನ ಅರ್ಥಶಾಸ್ತ್ರಜ್ಞರು ವರ್ತುಲ ಅರ್ಥವ್ಯವಸ್ಥೆಯೆಂದು ಹೆಸರಿಟ್ಟು, ಒಂದು ಉದ್ಯಮದ ಉಚ್ಛಿಷ್ಟವು ಇನ್ನೊಂದರ ಆಹಾರವಾಗುವಂತೆ ಹಲವು ಕಂಪನಿಗಳೂ ಪ್ರಯೋಗಾಲಯಗಳೂ ಸರ್ಕಾರವೂ ಕೂಡಿ ನಡೆಯಬೇಕೆಂದು ಪ್ರತಿಪಾದಿಸುತ್ತಿರುವರು. ನಮ್ಮ ಜನ ಅದನ್ನೇ ಕಸದಿಂದ ರಸವೆಂದು ಎರಡೇ ಮಾತಿಗೆ ಇಳಿಸಿ ಸುಮ್ಮನಾಗಿದ್ದಾರೆ. ಮಾತೇನೋ ಸೊಗಸಾಗಿದೆ, ಆದರೆ ರಸ ಯಾರ ಪಾಲಿಗೆ, ರಸ ಹಿಂಡಿದ ಮೇಲೂ ಉಳಿಯುವ ಕಸ ಯಾರ ಬಾಗಿಲಿಗೆ ಎಂಬ ಪ್ರಶ್ನೆಯನ್ನು ಅದು ಬಾಯಿಮುಚ್ಚಿಸಿ ಕೂರಿಸಿಬಿಡುತ್ತದೆ. ಹೈದರಾಬಾದಿನ ಶತಮಾನಕ್ಕೂ ಮಿಕ್ಕ ಚರಿತ್ರೆಯಲ್ಲಿ ಆ ಪ್ರಶ್ನೆಗೆ ಉತ್ತರ ಮತ್ತೆ ಮತ್ತೆ ಬರೆಯಲ್ಪಟ್ಟಿದೆ, ಮತ್ತು ಬಹುಮಟ್ಟಿಗೆ ಮೂಸಿಯ ನೀರಿನಲ್ಲಿಯೇ ಬರೆಯಲ್ಪಟ್ಟಿದೆ.

1908ನೆಯ ಇಸವಿಯ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿತು. ಆ ಒಂದು ದಿನದಲ್ಲಿ ಅಫ್ಜಲ್‌ಗಂಜಿನ ಸುತ್ತಮುತ್ತಲ ಬೀದಿಗಳು ಕೊಚ್ಚಿಹೋಗಿ, ಸಹಸ್ರಾರು ಜನ ಪ್ರಾಣ ಕಳೆದುಕೊಂಡರು. ಒಂದು ಹುಣಿಸೆಯ ಮರವನ್ನೇರಿ ಬದುಕಿದವರ ಕಥೆಯನ್ನು ನಗರ ಇಂದಿಗೂ ಹೇಳುತ್ತದೆ, ಆ ಮರವೂ ಉಸ್ಮಾನಿಯಾ ಆಸ್ಪತ್ರೆಯ ಬಳಿ ಇಂದಿಗೂ ಉಂಟು. ಆಗ ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರ ಸರ್ಕಾರವು, ಮುಂಬಯಿ ಪ್ರಾಂತದ ಕೆಲಸದಿಂದ ಆಗತಾನೆ ನಿವೃತ್ತರಾಗಿ ಯೂರೋಪಿನಲ್ಲಿ ಸಂಚರಿಸುತ್ತಿದ್ದ ಮುದ್ದೇನಹಳ್ಳಿಯ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. 1909ರ ಏಪ್ರಿಲಿನಲ್ಲಿ ಬಂದ ಅವರು, ಅದೇ ವರ್ಷದ ನವೆಂಬರಿನಲ್ಲಿ ಮೈಸೂರಿನ ಚೀಫ್ ಎಂಜಿನಿಯರ್ ಪದವಿಗೆ ಹೋಗುವುದರೊಳಗಾಗಿ, ನದಿಯ ಪಾತ್ರವನ್ನೆಲ್ಲ ಅಳೆದು ವರದಿ ಒಪ್ಪಿಸಿದ್ದರು. ಮೂಸಿಯ ಜಲಾನಯನದಲ್ಲಿದ್ದ 788 ಕೆರೆಗಳಲ್ಲಿ 221 ಕೆರೆಗಳು ಒಡೆದುದೇ ಪ್ರವಾಹದ ಭೀಕರತೆಯನ್ನು ಹೆಚ್ಚಿಸಿತೆಂಬುದು ಅವರು ಕಂಡುಹಿಡಿದ ಮುಖ್ಯಾಂಶಗಳಲ್ಲಿ ಒಂದು. ನಗರದ ಮೇಲ್ಭಾಗದಲ್ಲಿ ಎರಡು ಜಲಾಶಯಗಳನ್ನು ಕಟ್ಟಬೇಕೆಂಬ ಅವರ ಸಲಹೆಯಂತೆ 1920ರಲ್ಲಿ ಉಸ್ಮಾನ್ ಸಾಗರವೂ 1927ರಲ್ಲಿ ಹಿಮಾಯತ್ ಸಾಗರವೂ ಪೂರ್ಣಗೊಂಡವು. ಇದು ಎಲ್ಲರೂ ಬಲ್ಲ ಕಥೆ.

ಎಲ್ಲರೂ ಅಷ್ಟಾಗಿ ಗಮನಿಸದ ಕಥೆ ಇದರ ಕೆಳಗೆ, ಅಕ್ಷರಶಃ ನೆಲದ ಕೆಳಗೆ, ನಡೆದುದು. ಊರಿಗೆ ನೀರು ತರುವವನು ಊರಿನಿಂದ ನೀರು ಹೊರಗೊಯ್ಯುವ ದಾರಿಯನ್ನೂ ಹೇಳಬೇಕೆಂಬುದು ವಿಶ್ವೇಶ್ವರಯ್ಯನವರ ಎಂಜಿನಿಯರಿಂಗಿನ ವಿವೇಕ. ಪ್ರವಾಹದ ವರದಿಗಾಗಿ ಬಂದವರು ಒಳಚರಂಡಿಯ ಯೋಜನೆಯನ್ನೂ ಕೈಗೆತ್ತಿಕೊಂಡರು, ಮೈಸೂರಿನ ದಿವಾನಗಿರಿಯನ್ನು ಬಿಟ್ಟ ಮೇಲೆ ಅದೇ ಕಾರ್ಯಕ್ಕಾಗಿ ಪುನಃ ಹೈದರಾಬಾದಿಗೆ ಬಂದು ಸಲಹೆ ನೀಡಿದರು. 1931ರ ಹೊತ್ತಿಗೆ ನಗರದ ಮಧ್ಯಭಾಗಕ್ಕೆ ಒಳಚರಂಡಿ ಸಿದ್ಧವಾಯಿತು. ಅದನ್ನು ಅಳೆದು ಕಟ್ಟಿದ್ದು 4,68,000 ಜನರಿಗೆ. ಜನಸಂಖ್ಯೆಯನ್ನು ಕೋಟಿಯ ಲೆಕ್ಕದಲ್ಲಿ ಎಣಿಸಬೇಕಾದ ಈ ಕಾಲದಲ್ಲಿ ಆ ಅಂಕಿಯನ್ನು ಓದಿದರೆ ನಗುವೂ ಬರುತ್ತದೆ, ಗೌರವವೂ ಹುಟ್ಟುತ್ತದೆ.

ಒಳಚರಂಡಿಯು ಊರ ನೀರನ್ನು ಪೂರ್ವದ ತಗ್ಗಿಗೆ, ಎಂದರೆ ಅಂಬರಪೇಟೆಯ ಕಡೆಗೆ, ಒಯ್ಯಿತು. ಆ ನೀರಿಗೆ ಎರಡು ಗುಣಗಳಿದ್ದುವು. ಮೊದಲನೆಯದು, ಮಳೆಯಿರಲಿ ಬರವಿರಲಿ ಅದು ನಿಲ್ಲುತ್ತಿರಲಿಲ್ಲ. ಡೆಕ್ಕನ್ನಿನ ಒಣನೆಲದ ರೈತನಿಗೆ ಹನ್ನೆರಡು ತಿಂಗಳೂ ಹರಿಯುವ ನೀರೆಂಬುದು ಕಾವೇರಿಯ ಸೀಮೆಯವರಿಗೆ ಊಹಿಸಲಾಗದಷ್ಟು ದೊಡ್ಡ ಭಾಗ್ಯ. ಎರಡನೆಯದು, ಅದು ಬರಿಯ ನೀರಲ್ಲ, ಗೊಬ್ಬರದ ನೀರು. ನಮ್ಮ ಹಳ್ಳಿಗಳಲ್ಲಿ ತಿಪ್ಪೆಯ ಗುಂಡಿಯನ್ನು ವರ್ಷವಿಡೀ ಕಾಪಾಡಿ ಬೇಸಗೆಯಲ್ಲಿ ಗಾಡಿ ಕಟ್ಟಿ ಹೊಲಕ್ಕೆ ಹೊಡೆಯುವ ಶ್ರಮವನ್ನು ಇಲ್ಲಿ ನದಿಯೇ ಪುಕ್ಕಟೆಯಾಗಿ ಮಾಡುತ್ತಿದ್ದಿತು. ಆದುದರಿಂದ ದಡದ ರೈತರು ಪ್ಯಾರಾ ಹುಲ್ಲನ್ನು ಆರಿಸಿಕೊಂಡುದರಲ್ಲಿ ಆಶ್ಚರ್ಯವಿಲ್ಲ. ಒಮ್ಮೆ ನೆಟ್ಟರೆ ಅದು ವರ್ಷಗಟ್ಟಲೆ ನಿಲ್ಲುತ್ತದೆ. ಎರಡು ವಾರಕ್ಕೋ ಮೂರು ವಾರಕ್ಕೋ ಒಂದು ಕೊಯ್ಲು ಕೊಡುತ್ತದೆ. ಕೆಸರಿಗೆ ಅಂಜದು, ನಾತಕ್ಕೆ ಬಾಡದು. ಅದರ ಸುತ್ತ ಒಂದು ಸಣ್ಣ ಲೋಕವೇ ಬೆಳೆಯಿತು: ನೆಲದ ಒಡೆಯ, ನೆಲವನ್ನು ಗುತ್ತಿಗೆಗೆ ಹಿಡಿದವನು, ಮೊಳಕಾಲವರೆಗೆ ಆ ನೀರಿನಲ್ಲಿ ನಿಂತು ಕುಡುಗೋಲು ಆಡಿಸುವ ಕೂಲಿಯಾಳು, ಹುಲ್ಲಿನ ಸಂತೆಯಲ್ಲಿ ಹೊರೆಗೆ ಬೆಲೆ ಕಟ್ಟುವ ದಲ್ಲಾಳಿ, ನಾಲ್ಕಾರು ಎಮ್ಮೆ ಕಟ್ಟಿಕೊಂಡು ಹೊರೆ ಕೊಳ್ಳುವ ಹಾಲಿನವನು. ಇವರಾರೂ ಒಡಂಬಡಿಕೆಗೆ ಸಹಿ ಹಾಕಿದವರಲ್ಲ, ಸಂಘ ಕಟ್ಟಿದವರಲ್ಲ. ಆದರೂ ಒಬ್ಬನ ಉಳಿಕೆ ಮತ್ತೊಬ್ಬನ ಬಂಡವಾಳವಾಗುವ ಸಹಯೋಗವು ಕಂಪನಿಗಳ ಕೊಠಡಿಗಳಲ್ಲಿ ಹೆಸರು ಪಡೆಯುವುದಕ್ಕೆ ಎಷ್ಟೋ ಮೊದಲೇ ಅವರ ನಡುವೆ ನಡೆದಿದ್ದಿತು.

ನಗರವನ್ನು ದಾಟಿ ಪೀರ್ಜಾದಿಗೂಡ, ಎದುಲಾಬಾದುಗಳ ಕಡೆಗೆ ಹೋದರೆ ಹುಲ್ಲು ಹಿಂದೆ ಸರಿದು ಭತ್ತ ಮುಂದೆ ಬರುತ್ತದೆ. ಅಲ್ಲಿ ನದಿಗೆ ಅಡ್ಡಲಾಗಿ ಕಟ್ಟಿದ ಕಟ್ಟೆಗಳಿಂದ ಕಾಲುವೆಗಳೂ ಕೆರೆಗಳೂ ತುಂಬುತ್ತವೆ. ಆದರೆ ಅಲ್ಲಿಯ ರೈತರು ಸಂಶೋಧಕರೊಡನೆ ಹೇಳಿಕೊಂಡ ಅನುಭವ ಬೇರೆ ಬಗೆಯದು: ಪೈರು ಸೊಕ್ಕಿ ಬೆಳೆಯುತ್ತದೆ, ಕಾಳು ಕಟ್ಟದು, ಮಣ್ಣಿಗೆ ಉಪ್ಪು ಏರುತ್ತದೆ, ಬಾವಿಯ ನೀರು ಬಾಯಿಗಿಡುವಂತಿಲ್ಲ, ಕೆರೆಯಲ್ಲಿ ಮೀನಿಲ್ಲ. ಹುಲ್ಲಿಗೆ ರಸವಾದುದು ಭತ್ತಕ್ಕೆ ಕಸವಾಯಿತು.

ಇನ್ನು ಉದ್ಯಮಗಳ ಕಡೆಗೆ ತಿರುಗೋಣ. ನಿಜಾಮ ಸರ್ಕಾರವು 1929ರಲ್ಲಿ ಒಂದು ಕೋಟಿ ರೂಪಾಯಿಯ ಮೂಲಧನದಿಂದ ಕೈಗಾರಿಕಾ ನಿಧಿಯೊಂದನ್ನು ಸ್ಥಾಪಿಸಿ, ಖಾಸಗಿ ಸಾಹಸಿಗರೊಡನೆ ತಾನೂ ಪಾಲುದಾರನಾಗಿ ಕಾರ್ಖಾನೆಗಳನ್ನು ಎಬ್ಬಿಸಲು ಹೊರಟಿತು. ನಮ್ಮ ಬೀದರಿನ ನೆಲವನ್ನು ಸುತ್ತಿ ಹರಿಯುವ ಮಾಂಜರಾ ನದಿಗೆ ನವಾಬ್ ಅಲಿ ನವಾಜ್ ಜಂಗರು ಕಟ್ಟಿದ ನಿಜಾಮ್ ಸಾಗರವು 1931ರಲ್ಲಿ ಮುಗಿಯಿತು. ಅದರ ಕಾಲುವೆಯ ಕಬ್ಬನ್ನು ನಂಬಿ 1937ರಲ್ಲಿ ಬೋಧನದಲ್ಲಿ ನಿಜಾಮ್ ಸಕ್ಕರೆ ಕಾರ್ಖಾನೆ ಹುಟ್ಟಿತು. ಸಕ್ಕರೆ ಕಾರ್ಖಾನೆಯೆಂಬುದು ಸ್ವಭಾವದಿಂದಲೇ ಗೃಹಿಣಿಯ ಜಾತಿಯದು. ಕಬ್ಬಿನ ಸಿಪ್ಪೆ ಅದರ ಒಲೆಗೆ ಸೌದೆ. ಸಕ್ಕರೆ ಹರಳುಗಟ್ಟಿದ ಮೇಲೆ ಉಳಿಯುವ ಕಾಕಂಬಿ ಮದ್ಯಸಾರಕ್ಕೆ ಮೂಲದ್ರವ್ಯ. ಸೋಸಿದ ಮಡ್ಡಿ ಗದ್ದೆಗೆ ಗೊಬ್ಬರ. ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಕಾರ್ಖಾನೆ ಒಂದು ಕಾಲಕ್ಕೆ ಏಷ್ಯಾಖಂಡದ ಮಹತ್ತರ ಸಕ್ಕರೆ ಕಾರ್ಖಾನೆಗಳಲ್ಲಿ ಗಣನೆಯಾಗಿದ್ದು, 2015ರ ಕೊನೆಯಲ್ಲಿ ಬಾಗಿಲು ಹಾಕಿತು.

ಕಾರ್ಖಾನೆಗಳಿಗಿಂತ ಹೆಚ್ಚು ಕಾಲ ಬಾಳಿದ ಸಂಸ್ಥೆಯೊಂದು ಅದೇ ದಶಕಗಳ ಫಲ. ಹೈದರಾಬಾದ್ ಸಂಸ್ಥಾನವು 1944ರಲ್ಲಿ ವಿಜ್ಞಾನ ಮತ್ತು ಕೈಗಾರಿಕಾ ಸಂಶೋಧನೆಗಾಗಿ ಕೇಂದ್ರ ಪ್ರಯೋಗಾಲಯಗಳನ್ನು ಸ್ಥಾಪಿಸಿತು. ಸ್ಥಳೀಯ ಕಲ್ಲಿದ್ದಲು, ಹರಳೆಣ್ಣೆ ಮೊದಲಾದ ಸಾಮಾನ್ಯ ದ್ರವ್ಯಗಳಿಂದ ಹೆಚ್ಚಿನದನ್ನು ಪಡೆಯುವ ಮಾರ್ಗಗಳನ್ನು ಅಲ್ಲಿ ಶೋಧಿಸುತ್ತಿದ್ದರು. 1956ರಲ್ಲಿ, ಎಂದರೆ ಬೀದರ, ಕಲಬುರಗಿ, ರಾಯಚೂರುಗಳು ಕನ್ನಡನಾಡನ್ನು ಕೂಡಿಕೊಂಡ ವರ್ಷದಲ್ಲಿಯೇ, ಆ ಪ್ರಯೋಗಾಲಯ ಭಾರತ ಸರ್ಕಾರದ ವೈಜ್ಞಾನಿಕ ಸಂಶೋಧನಾ ಮಂಡಳಿಗೆ ಸೇರಿತು. ಇಂದು ಅದು ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆಯೆನ್ನಿಸಿಕೊಂಡಿದೆ. ಇದರ ಜೊತೆಗೆ, 1961ರಲ್ಲಿ ಸೋವಿಯತ್ ನೆರವಿನಿಂದ ಸ್ಥಾಪಿತವಾದ ಐಡಿಪಿಎಲ್ ಎಂಬ ಸರ್ಕಾರಿ ಔಷಧ ಕಂಪನಿಯ ಘಟಕವೊಂದು ಬಾಲಾನಗರದಲ್ಲಿ ಎದ್ದು ನಿಂತಿತು. ಆ ಕಾರ್ಖಾನೆ ಮಾತ್ರೆಗಳಿಗಿಂತ ಮಿಗಿಲಾಗಿ ಮನುಷ್ಯರನ್ನು ತಯಾರಿಸಿತೆಂದರೆ ಅತಿಶಯೋಕ್ತಿಯಾಗದು. 1970ರ ಪೇಟೆಂಟ್ ಕಾನೂನು ಔಷಧದ ವಸ್ತುವಿಗೆ ಪೇಟೆಂಟ್ ಕೊಡದೆ ತಯಾರಿಕೆಯ ವಿಧಾನಕ್ಕೆ ಮಾತ್ರ ಕೊಟ್ಟುದರಿಂದ, ಹೊಸ ವಿಧಾನ ಬಲ್ಲ ರಸಾಯನಜ್ಞನಿಗೆ ಬಾಗಿಲು ತೆರೆಯಿತು. ಐಡಿಪಿಎಲ್‌ನಲ್ಲಿ ಪಳಗಿದವರು ಒಬ್ಬೊಬ್ಬರಾಗಿ ಹೊರಬಂದು ಸ್ವಂತ ಕಾರ್ಖಾನೆ ಹೂಡಿದರು. 1984ರಲ್ಲಿ ಡಾ. ರೆಡ್ಡೀಸ್ ಕಂಪನಿಯನ್ನು ಆರಂಭಿಸಿದ ಅಂಜಿ ರೆಡ್ಡಿಯವರು ಅವರಲ್ಲಿ ಅತಿ ಪ್ರಸಿದ್ಧರು. ಜೀಡಿಮೆಟ್ಲ, ಬೊಲ್ಲಾರಂ, ಪಟಾನ್‌ಚೆರುಗಳ ಕೈಗಾರಿಕಾ ವಸಾಹತುಗಳು ಹೀಗೆ ತುಂಬಿದುವು.

ಔಷಧದ ತಯಾರಿಕೆಯ ವಿಚಿತ್ರವೇನೆಂದರೆ, ಒಂದು ಸೇರು ಮದ್ದು ಕೈಗೆ ಸಿಗಬೇಕಾದರೆ ಅದನ್ನು ಕರಗಿಸಲು, ತೊಳೆಯಲು, ಹರಳುಗಟ್ಟಿಸಲು ಹಲವು ಸೇರು ದ್ರಾವಕಗಳು ಬೇಕು. ಟಾಲ್ವೀನ್, ಮೆಥನಾಲ್, ಅಸಿಟೋನ್ ಮುಂತಾದ ಇವು ಕೆಲಸ ಮುಗಿದ ಮೇಲೆ ಒಂದರೊಡನೊಂದು ಬೆರೆತು, ಕಲುಷಿತವಾಗಿ, ಪೀಪಾಯಿಗಳಲ್ಲಿ ನಿಲ್ಲುತ್ತವೆ. ಅವನ್ನು ಕೊಂಡೊಯ್ದು, ಬಟ್ಟಿಯಿಳಿಸಿ, ಬೇರೆಬೇರೆ ಮಾಡಿ ಮರಳಿ ಕಾರ್ಖಾನೆಗಳಿಗೇ ಮಾರುವ ಸಣ್ಣ ಘಟಕಗಳು ಈ ವಸಾಹತುಗಳ ನೆರಳಿನಲ್ಲಿ ಬೆಳೆದುವು. ಕನ್ನಡದಲ್ಲಿ ಜಲಗಾರನೆಂಬ ಒಂದು ಹಳೆಯ ಮಾತುಂಟು. ಅಕ್ಕಸಾಲೆಯ ಅಂಗಡಿಯ ಬೂದಿಯನ್ನೂ ಧೂಳನ್ನೂ ತೊಳೆದು ಅದರೊಳಗಿನ ಹೊನ್ನಿನ ಕಣವನ್ನು ತೆಗೆಯುವವನಿಗೆ ಆ ಹೆಸರು; ಬೀದಿ ಗುಡಿಸುವವನಿಗೂ ಅದೇ ಹೆಸರು. ಹೊನ್ನಿನ ಹುಡುಕಾಟಕ್ಕೂ ಹೊಲಸಿನ ಹೊರೆಗೂ ಒಂದೇ ಪದವನ್ನಿಟ್ಟ ನಮ್ಮ ಪೂರ್ವಿಕರ ಮನಸ್ಸಿನಲ್ಲಿ ಏನಿದ್ದಿತೋ. ದ್ರಾವಕ ಬಟ್ಟಿಯಿಳಿಸುವವನು ಈ ಎರಡು ಅರ್ಥಗಳಲ್ಲಿಯೂ ಜಲಗಾರನೇ ಸರಿ: ಮೇಲೇರಿದ ಆವಿ ಅವನ ಸಂಪಾದನೆ, ತಳದಲ್ಲಿ ನಿಂತ ಗಸಿ ಅವನ ತಲೆನೋವು.

ಆ ಗಸಿಯೂ ಬಟ್ಟಿಗೆ ಸಿಗದ ಮಲಿನಜಲವೂ ಎಲ್ಲಿಗೆ ಹೋದುವೆಂಬುದೇ ಪಟಾನ್‌ಚೆರುವಿನ ದುಃಖಕಥೆ. ಅಲ್ಲಿ ನಕ್ಕವಾಗು ಎಂಬ ತೊರೆಯೊಂದಿದೆ, ನಾವಾದರೆ ನರಿಹಳ್ಳವೆನ್ನುತ್ತಿದ್ದೆವು. ಅದು ಮಾಂಜರಾವನ್ನು ಸೇರುತ್ತದೆ. ಕಾರ್ಖಾನೆಗಳ ನೀರು ಅದಕ್ಕೆ ಬಿದ್ದು, ಇಕ್ಕೆಲದ ಹೊಲಗಳು ಕೆಟ್ಟು, ಬಾವಿಗಳು ಬಣ್ಣಗೆಟ್ಟು, ದನಗಳು ಸತ್ತುವು. 1990ರಲ್ಲಿ ಈ ವಿಷಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಆ ವ್ಯಾಜ್ಯವು ನ್ಯಾಯಾಲಯದಿಂದ ನ್ಯಾಯಾಲಯಕ್ಕೆ ಸಂಚರಿಸಿ, ಕಾಲು ಶತಮಾನಕ್ಕೂ ಹೆಚ್ಚು ಕಾಲ ನಡೆದು, ಹಸಿರು ನ್ಯಾಯಮಂಡಳಿಯಲ್ಲಿ ಮುಗಿದಾಗ, ಅದು ಆರಂಭವಾದ ಕಾಲದ ರೈತರ ಮಕ್ಕಳು ತಾವೇ ಮುದುಕರಾಗುವ ವಯಸ್ಸಿಗೆ ಬಂದಿದ್ದರು.

ಕಂಪನಿಗಳು ಒಂದುಗೂಡಿದ್ದು ಈ ಒತ್ತಡದಲ್ಲಿಯೇ ಹೊರತು ಔದಾರ್ಯದಲ್ಲಿ ಅಲ್ಲ. ಒಬ್ಬೊಬ್ಬ ಸಣ್ಣ ಕಾರ್ಖಾನೆದಾರನಿಗೆ ಸ್ವಂತ ಶುದ್ಧೀಕರಣಾಲಯವನ್ನು ಕಟ್ಟುವ ಶಕ್ತಿಯಿರಲಿಲ್ಲ. ಆದ್ದರಿಂದ ಹಲವರು ಪಾಲು ಹಾಕಿ ಒಂದು ಕಂಪನಿಯನ್ನು ಮಾಡಿಕೊಂಡರು, ಪ್ರತಿಯೊಬ್ಬನೂ ತನ್ನ ಮಲಿನಜಲವನ್ನು ಟ್ಯಾಂಕರಿನಲ್ಲಿ ತಂದು ಅಲ್ಲಿ ಒಪ್ಪಿಸಿ ಅದರ ಗುಣಕ್ಕೂ ಮೊತ್ತಕ್ಕೂ ತಕ್ಕಂತೆ ಹಣ ಕೊಡುವ ಏರ್ಪಾಟಾಯಿತು. 1989ರಲ್ಲಿ ಕೆಲಸಕ್ಕೆ ತೊಡಗಿದ ಜೀಡಿಮೆಟ್ಲದ ಸಾಮೂಹಿಕ ಶುದ್ಧೀಕರಣಾಲಯವು ಈ ದೇಶದಲ್ಲಿ ಆ ಬಗೆಯ ಮೊದಲಿನವುಗಳಲ್ಲಿ ಒಂದು. ಪಟಾನ್‌ಚೆರುವಿನದು 1994ರಲ್ಲಿ ಬಂದಿತು. ಪೇಟೆಯಲ್ಲಿ ಪರಸ್ಪರ ಕತ್ತು ಕೊಯ್ಯುವ ಪ್ರತಿಸ್ಪರ್ಧಿಗಳು ಬಚ್ಚಲ ವಿಷಯದಲ್ಲಿ ಒಂದೇ ಕುಟುಂಬವಾದುದು ಸಣ್ಣ ಸಂಗತಿಯಲ್ಲ.

ಇಲ್ಲಿ ಡೆನ್ಮಾರ್ಕಿನ ಕಾಲುಂಡ್‌ಬೊರ್ಗ್ ಎಂಬ ಕಡಲತಡಿಯ ಪಟ್ಟಣವನ್ನು ನೆನೆಯದಿರಲಾಗದು. ವರ್ತುಲ ಅರ್ಥವ್ಯವಸ್ಥೆಯ ಮೇಲೆ ಬರೆಯುವ ಜಗತ್ತಿನ ವಿದ್ವಾಂಸರೆಲ್ಲ ಅಲ್ಲಿಗೆ ಯಾತ್ರೆ ಹೋಗಿಬಂದವರೇ. ಅಲ್ಲಿ 1960ರ ದಶಕದಿಂದ ಮೊದಲ್ಗೊಂಡು, ತೈಲಾಗಾರವು ಸುಡಲಿದ್ದ ಅನಿಲವು ನೆರೆಯ ಜಿಪ್ಸಂ ಹಲಗೆಯ ಕಾರ್ಖಾನೆಗೆ, ವಿದ್ಯುದಾಗಾರದ ಹಬೆ ಇನ್ಸುಲಿನ್ ತಯಾರಿಕೆಗೆ, ಇನ್ಸುಲಿನಿನ ಯೀಸ್ಟು ಹಂದಿಗಳ ಮೇವಿಗೆ, ಹೀಗೆ ಒಂದೊಂದೇ ಕೊಳವೆಯಾಗಿ ನೆಂಟಸ್ತನ ಬೆಳೆಯಿತು. ಅಲ್ಲಿಯೂ ಯಾರೂ ಮುಂಚಿತವಾಗಿ ನಕ್ಷೆ ಬರೆದಿರಲಿಲ್ಲ. ಆದರೆ ಅಲ್ಲಿ ಕೊಳವೆಯಲ್ಲಿ ಹರಿದುದು ಕೊಳ್ಳುವವನಿಗೆ ಬೇಕಾದ ಸರಕು. ನಮ್ಮಲ್ಲಿ ಹರಿದುದು ಯಾರಿಗೂ ಬೇಡವಾದ ನೀರು. ಬೇಕಾದುದನ್ನು ಹಂಚಿಕೊಳ್ಳುವ ಸಹಕಾರಕ್ಕೂ ಬೇಡವಾದುದನ್ನು ಕೂಡಿ ಕಳೆದುಕೊಳ್ಳುವ ಸಹಕಾರಕ್ಕೂ ಇರುವ ಅಂತರವನ್ನು, ಈ ಕ್ಷೇತ್ರದ ಉತ್ಸಾಹಿಗಳು ಕೆಲವೊಮ್ಮೆ ಮರೆಯುತ್ತಾರೆಂದು ನನ್ನ ಅಭಿಪ್ರಾಯ.

2007ರಲ್ಲಿ ಸ್ವೀಡನ್ನಿನ ಗೋಥೆನ್‌ಬರ್ಗಿನ ವಿಜ್ಞಾನಿ ಲಾರ್ಸನ್ ಮತ್ತು ಅವರ ಸಂಗಡಿಗರು ಪಟಾನ್‌ಚೆರುವಿನ ಶುದ್ಧೀಕರಣಾಲಯದಿಂದ ಹೊರಬೀಳುವ ನೀರನ್ನು ಪರೀಕ್ಷಿಸಿ ಪ್ರಕಟಿಸಿದ ಫಲಿತಾಂಶ ಜಗತ್ತನ್ನು ಬೆಚ್ಚಿಬೀಳಿಸಿತು. ಸಿಪ್ರೊಫ್ಲಾಕ್ಸಸಿನ್ ಎಂಬ ಜೀವಿರೋಧಕವು ಲೀಟರಿಗೆ 31 ಮಿಲಿಗ್ರಾಂವರೆಗೆ ಆ ನೀರಿನಲ್ಲಿದ್ದಿತು. ಅದೇ ಔಷಧವನ್ನು ಸೇವಿಸಿದ ರೋಗಿಯ ರಕ್ತದಲ್ಲಿ ಕೂಡ ಅಷ್ಟು ಇರುವುದಿಲ್ಲ. ಇಲ್ಲಿ ವಿಷಾದದ ವಿನೋದವೊಂದುಂಟು: ಆ ಮದ್ದು ಜಗತ್ತಿನ ಬಡವರಿಗೆ ಅಗ್ಗವಾಗಿ ದೊರೆತುದು ಈ ವಸಾಹತುಗಳ ರಸಾಯನಜ್ಞರ ಜಾಣ್ಮೆಯಿಂದ, ಆ ಮದ್ದಿಗೆ ಬಗ್ಗದ ಕ್ರಿಮಿಗಳು ಪಳಗುವುದಕ್ಕೆ ಗರಡಿಮನೆಯಾಗಬಲ್ಲ ನೀರು ಹರಿದುದೂ ಅದೇ ವಸಾಹತುವಿನಿಂದ.

ಪಟಾನ್‌ಚೆರುವಿನ ನೀರನ್ನು ನಕ್ಕವಾಗಿಗೆ ಬಿಡಬಾರದೆಂದು ಆದಾಗ, 18 ಕಿಲೋಮೀಟರ್ ಉದ್ದದ ಕೊಳವೆಯೊಂದನ್ನು ಹಾಕಿ ಅದನ್ನು ನಗರದ ದೊಡ್ಡ ಒಳಚರಂಡಿಗೆ ಜೋಡಿಸಿದರು. ಆ ಚರಂಡಿ ಮುಟ್ಟುವುದು ಎಲ್ಲಿಗೆ? ಅಂಬರಪೇಟೆಗೆ. ನದಿ ಸಂರಕ್ಷಣಾ ಯೋಜನೆಯಲ್ಲಿ ಅಲ್ಲಿ ದಿನಕ್ಕೆ 33.9 ಕೋಟಿ ಲೀಟರ್ ಕೊಳಚೆಯನ್ನು ತಿಳಿಮಾಡುವ ಶುದ್ಧೀಕರಣಾಲಯ ಎದ್ದಿದೆ. ಮಾಂಜರಾದ ಪಾಲಿಗಿದ್ದ ಹೊರೆ ಮೂಸಿಯ ಪಾಲಿಗೆ ವರ್ಗವಾಯಿತು. ಹುಲ್ಲು ಕೊಯ್ಯುವವನ ಕಾಲಬುಡದ ನೀರಿಗೆ, ವಿಶ್ವೇಶ್ವರಯ್ಯನವರು ಕನಸಿನಲ್ಲಿಯೂ ಎಣಿಸದಿದ್ದ ಒಂದು ಒಗರು ಬಂದು ಕೂಡಿತು. ಅವರು ಲೆಕ್ಕ ಹಾಕಿದ್ದು ಮನುಷ್ಯನ ದೇಹ ಹೊರಹಾಕುವ ಮಲಕ್ಕೆ. ಅದನ್ನು ಮಣ್ಣೂ ಹುಲ್ಲೂ ಅರಗಿಸಿಕೊಳ್ಳಬಲ್ಲುವು.

ಗಸಿಯ ವಿಲೇವಾರಿಗೆ ಈಚೆಗೆ ಇನ್ನೊಂದು ಮಾರ್ಗ ತೆರೆದಿದೆ. ಉರಿಯಬಲ್ಲ ರಾಸಾಯನಿಕ ಉಳಿಕೆಗಳನ್ನು ಸಿಮೆಂಟಿನ ಭಟ್ಟಿಗಳಲ್ಲಿ, ಸುಮಾರು 1,450 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ, ಕಲ್ಲಿದ್ದಲಿನೊಡನೆ ಸುಡುವ ಪದ್ಧತಿಯದು. ಉರಿ ಇಂಧನವಾಗುತ್ತದೆ, ಬೂದಿ ಸಿಮೆಂಟಿನಲ್ಲಿ ಐಕ್ಯವಾಗುತ್ತದೆ. ತಾಂಡೂರಿನಿಂದ ಸೇಡಂ, ಮಳಖೇಡ, ವಾಡಿಗಳವರೆಗೆ ಹಬ್ಬಿರುವ ಸುಣ್ಣಗಲ್ಲಿನ ಸೀಮೆ ಹಳೆಯ ಹೈದರಾಬಾದ್ ಸಂಸ್ಥಾನದ್ದೇ. ಅಲ್ಲಿಯ ಶಹಾಬಾದಿನ ಸಿಮೆಂಟ್ ಕಂಪನಿ 1936ರಲ್ಲಿ ಇತರ ಕಂಪನಿಗಳೊಡನೆ ಸೇರಿ ಎಸಿಸಿ ಎಂಬ ದೊಡ್ಡ ಸಂಸ್ಥೆಯಾಯಿತು. ಅದರ ವಾಡಿಯ ಕಾರ್ಖಾನೆಯಲ್ಲಿ ಇಂಥ ಸಹದಹನ ನಡೆಯುತ್ತದೆ. ಇಂದು ಮಳಖೇಡವೆನ್ನಿಸಿಕೊಳ್ಳುವ, ಕವಿರಾಜಮಾರ್ಗದ ಮಾನ್ಯಖೇಟಕ್ಕೆ ಈ ನೆಂಟಸ್ತನ ಒದಗೀತೆಂದು ನೃಪತುಂಗ ಎಣಿಸಿರಲಾರ.

ಇಷ್ಟೆಲ್ಲ ಹೇಳಿದ ಮೇಲೆ, ಹೆಚ್ಚು ಸದ್ದಿಲ್ಲದ ಒಂದು ಸಣ್ಣ ವರ್ತುಲದ ಬಳಿಗೆ ಹೋಗಬೇಕು. ಸಿಕಂದರಾಬಾದಿನಾಚೆಯ ಬೋವೆನ್‌ಪಲ್ಲಿಯಲ್ಲಿ ಡಾ. ಅಂಬೇಡ್ಕರರ ಹೆಸರಿನ ದೊಡ್ಡ ತರಕಾರಿ ಮಾರುಕಟ್ಟೆಯಿದೆ. ಅಲ್ಲಿ ಪ್ರತಿದಿನ ಸುಮಾರು 10 ಟನ್ ಸೊಪ್ಪುಸದೆ ಕೊಳೆಯುತ್ತಿದ್ದಿತು. 1944ರಲ್ಲಿ ನಿಜಾಮರ ಕಾಲದಲ್ಲಿ ಹುಟ್ಟಿದ ಪ್ರಯೋಗಾಲಯದವರು, ಕೋಳಿಗೊಬ್ಬರದ ಮೇಲಿನ ಪ್ರಯೋಗಗಳಿಂದ ಹದಗೊಳಿಸಿದ್ದ ಅನಿಲೋತ್ಪಾದನೆಯ ವಿಧಾನವನ್ನು ಇಲ್ಲಿಗೆ ತಂದರು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಹಣ ನೀಡಿತು. ಖಾಸಗಿ ಎಂಜಿನಿಯರಿಂಗ್ ಕಂಪನಿಯೊಂದು ಸ್ಥಾವರವನ್ನು ಕಟ್ಟಿತು. ಮಾರುಕಟ್ಟೆಯ ಆಡಳಿತ ಜಾಗವನ್ನೂ ಕಸವನ್ನೂ ಒದಗಿಸಿತು. 2021ರ ಜನವರಿಯಲ್ಲಿ ಪ್ರಧಾನಮಂತ್ರಿಗಳು ತಮ್ಮ ರೇಡಿಯೊ ಭಾಷಣದಲ್ಲಿ ಇದನ್ನು ಹೆಸರಿಸಿದುದರಿಂದ ದೇಶಕ್ಕೆ ತಿಳಿಯಿತು. ಕೊಳೆತ ಕಾಯಿಪಲ್ಲೆಯನ್ನು ಚೂರುಮಾಡಿ, ಅರೆದು, ಗಾಳಿಯಾಡದ ತೊಟ್ಟಿಯಲ್ಲಿ ಹುದುಗಿಸಿದರೆ ಬರುವ ಅನಿಲದಿಂದ ದಿನಕ್ಕೆ ಸುಮಾರು 500 ಯೂನಿಟ್ ವಿದ್ಯುತ್ತೂ ಮಾರುಕಟ್ಟೆಯ ಅಡಿಗೆಮನೆಗೆ ಸುಮಾರು 30 ಕಿಲೊ ಇಂಧನವೂ ದೊರಕುತ್ತವೆ. ಮಿಕ್ಕ ಗಂಜಿಯಂಥ ದ್ರವ ಹೊಲಕ್ಕೆ ಗೊಬ್ಬರ. ಮಳಿಗೆಗಳ ದೀಪ, ಬೀದಿಯ ದೀಪ, ನೀರೆತ್ತುವ ಪಂಪು, ಎಲ್ಲಕ್ಕೂ ಅದೇ ಮೂಲ. ಈ ಸುತ್ತಿನಲ್ಲಿ ಕೊಡುವವನೂ ಕೊಳ್ಳುವವನೂ ಒಂದೇ ಆವರಣದೊಳಗಿದ್ದಾರೆ. ಯಂತ್ರ ನಿಂತ ದಿನ ನಾತ ಮೊದಲು ತಟ್ಟುವುದು ಅದನ್ನು ನಡೆಸುವವರಿಗೇ.

ಬೆಳಗಿನ ಜಾವಕ್ಕೆ ಲಾರಿಗಳು ಬಂದು ಕೊತ್ತಂಬರಿ, ಪಾಲಕ್, ಮೆಂತ್ಯದ ಕಟ್ಟುಗಳು ಇಳಿಯುತ್ತವೆ. ಬಿಸಿಲೇರುವ ವೇಳೆಗೆ ಬಾಡಿ, ಮಾರದೆ ಉಳಿದುದು ಸ್ಥಾವರದ ದಾರಿ ಹಿಡಿಯುತ್ತದೆ. ಸೊಪ್ಪನ್ನು ಯಂತ್ರ ಅರಗಿಸಿಕೊಳ್ಳುತ್ತದೆ. ಆದರೆ ಕಟ್ಟಿಗೆ ಸುತ್ತಿಬಂದ ಪ್ಲಾಸ್ಟಿಕ್ ದಾರವನ್ನೂ ಮೂಟೆಯ ಹರಕು ಚೀಲವನ್ನೂ ಅದು ಒಲ್ಲದು. ಆ ದಾರವನ್ನು ರಾಶಿಯಿಂದ ಒಂದೊಂದಾಗಿ ಎಳೆದು ಬಿಡಿಸಿ ಬೇರೆಯಿಡುವುದಕ್ಕೆ ಇಂದಿಗೂ ಮನುಷ್ಯನ ಬೆರಳೇ ಬೇಕು.